ತಲೆ ಮುರಿದ ಮತ್ಸ್ಯ

ನಮ್ಮ ಮನೆಯ ದಸರಾ ಗೊಂಬೆಗಳಲ್ಲಿ ಮತ್ಸ್ಯಾವತಾರಕ್ಕೆ ತಲೆಯಿಲ್ಲ. ಮೀನಿನ ಬಾಲ ಇದೆ, ಸೊಂಟಕ್ಕೆ ಹಳದಿ ಪೀತಾಂಬರ ಇದೆ, ಶಂಖ ಹಿಡಿದ ಕೈ ಇದೆ. ಕುತ್ತಿಗೆಯ ಮೇಲೆ ಬರೀ ಸುಟ್ಟ ಮಣ್ಣು. ಅರಿಸಿನ ಕುಂಕುಮಕ್ಕೆ ಬಂದವರು "ಅಯ್ಯೋ, ಒಡೆದಿರೋ ಗೊಂಬೆ ಕೂರಿಸಬಾರದು ಕಣ್ರೀ" ಅನ್ನುತ್ತಾರೆ. ನನಗೂ ಗೊತ್ತು, ನಾನೂ ಮೈಸೂರಿನವಳೇ. ಆದರೂ ಕೂರಿಸುತ್ತೇನೆ. ತಲೆ ಏನಾಯಿತು ಅಂತ ಕೇಳಿದರೆ ಮಿಶಿಗನ್ನಿನ ಒಂದು ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ಹೋಯಿತು ಅನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವರು ನಕ್ಕು ಕೋಸಂಬರಿಗೆ ಕೈ ಹಾಕುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಅಮ್ಮನೂ ಟೀಚರ್, ಅವಳ ಕೈಯಲ್ಲಿ ಮರದ ಸ್ಕೇಲು ಇಲ್ಲದ ದಿನವನ್ನು ನಾನು ನೋಡಿಲ್ಲ. ಮೈಸೂರಿನಲ್ಲಿ ಜೂವಾಲಜಿ ಎಂ.ಎಸ್ಸಿ. ಮಾಡಿ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುವಾಗ ನಾನೂ ಧಾರಾಳವಾಗಿ ಬಾರಿಸಿದವಳೇ. ಹುಡುಗರು ಬೈದುಕೊಳ್ಳುತ್ತಲೇ ಕಪ್ಪೆಯ ರಕ್ತನಾಳಗಳನ್ನು ಬಾಯಿಪಾಠ ಮಾಡುತ್ತಿದ್ದರು.

ಈ ಕಥೆ ನಡೆದದ್ದು ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ, ರಿಸೆಷನ್ ವರ್ಷಗಳಲ್ಲಿ. ನಮ್ಮನೆಯವರು ಕಾರಿನ ಸೀಟುಗಳಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಯೊಂದರಲ್ಲಿ ಡಿಸೈನ್ ಇಂಜಿನಿಯರ್ ಆಗಿದ್ದರು. ಎದುರುಮನೆಯವನೂ ಅದೇ ಕಂಪನಿ. ಕೆಂಪು ಗಡ್ಡದ ಆಳೆತ್ತರದ ಅಮೆರಿಕನ್, ನಮ್ಮ ಡ್ರೈವ್‌ವೇಯ ಹಿಮವನ್ನೂ ತಾನೇ ಎತ್ತಿಹಾಕಿ ಹೋಗುವಷ್ಟು ಒಳ್ಳೆಯವನು. ಇಬ್ಬರೂ ಒಂದೇ ಕಾರಿನಲ್ಲಿ ಡಿಯರ್‌ಬಾರ್ನಿನ ಆಫೀಸಿಗೆ ಹೋಗಿ ಬರುತ್ತಿದ್ದರು. ಒಂದು ಶುಕ್ರವಾರ ಇಬ್ಬರನ್ನೂ ಒಟ್ಟಿಗೆ ಕರೆದು ಕೆಲಸದಿಂದ ತೆಗೆದು, ಸಾಮಾನು ತುಂಬಿಕೊಳ್ಳಲು ಕೈಗೊಂದು ರಟ್ಟಿನ ಡಬ್ಬ ಕೊಟ್ಟು ಕಳಿಸಿದರು. ಕಾರಿನಿಂದ ಇಳಿದ ಆ ಮನುಷ್ಯ ಗ್ಯಾರೇಜಿಗೆ ಹೋಗಿ ಮಗನ ಬೇಸ್‌ಬಾಲ್ ಬ್ಯಾಟು ತಂದವನೇ ರಸ್ತೆಬದಿಯ ಕಂಬದ ಮೇಲಿದ್ದ ತನ್ನ ಮೇಲ್‌ಬಾಕ್ಸನ್ನು ಹೊಡೆಯತೊಡಗಿದ. ತಗಡು ಅಪ್ಪಚ್ಚಿಯಾಗುವವರೆಗೂ ಹೊಡೆದ. ಕಂಬ ಮುರಿದ ಮೇಲೂ ನೆಲದ ಮೇಲೆ ಬಿದ್ದದ್ದಕ್ಕೆ ಹೊಡೆದ. ನಮ್ಮನೆಯವರು ಮಾತ್ರ ಡಬ್ಬವನ್ನು ಶೂ ಸ್ಟ್ಯಾಂಡಿನ ಪಕ್ಕ ಇಟ್ಟು "ಕಾಫಿ ಇದ್ಯಾ?" ಅಂದರು. ಸೊಳ್ಳೆಯನ್ನೂ ಎರಡು ಸಲ ಯೋಚಿಸಿ ಹೊಡೆಯುವ ಮನುಷ್ಯ. ಆ ಹೊತ್ತಿಗೆ ಅವರ ಬದಲು ನಾನೇ ಹೋಗಿ ನಮ್ಮ ಮೇಲ್‌ಬಾಕ್ಸನ್ನು ಚಚ್ಚೋಣ ಅನ್ನಿಸಿತು.

ಆಗ ಊರಿಗೆ ಊರೇ ಹೊಡೆಯಲು ಏನಾದರೂ ಸಿಗುತ್ತದೆಯೇ ಅಂತ ಹುಡುಕುತ್ತಿತ್ತು. ಬ್ಯಾಂಕು ಕಿತ್ತುಕೊಂಡ ಮನೆಗಳ ಕಿಟಕಿಗಳಿಗೆಲ್ಲ ಕಲ್ಲು ಬೀಳುತ್ತಿದ್ದವು. ನಮ್ಮ ಬಡಾವಣೆಯ ಮೂಲೆಮನೆಯ ಗೋಡೆಯನ್ನು ಯಾರೋ ಸುತ್ತಿಗೆಯಿಂದ ಒಡೆದು ಒಳಗಿನ ತಾಮ್ರದ ಪೈಪನ್ನು ಕರುಳು ಎಳೆದ ಹಾಗೆ ಎಳೆದುಕೊಂಡು ಹೋಗಿದ್ದರು. ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಒಂದು ಜಾಗಕ್ಕಾಗಿ ಇಬ್ಬರು ಗಂಡಸರು ಕತ್ತಿನಪಟ್ಟಿ ಹಿಡಿದು ಹೊಡೆದಾಡಿದ್ದನ್ನು ನಾನೇ ನೋಡಿದೆ. ಸುತ್ತಮುತ್ತ ಖಾಲಿ ಜಾಗ ಬೇಕಾದಷ್ಟಿತ್ತು.

ನಾನು ಹೈಸ್ಕೂಲಿನಲ್ಲಿ ಬದಲಿ ಟೀಚರ್. ಹೆರಿಗೆ ರಜೆಗೆ ಹೋದ ಬಯಾಲಜಿ ಟೀಚರ್ ವಾಪಸ್ ಬರುವುದಿಲ್ಲ ಅಂತ ತಿಳಿಸಿದ್ದರಿಂದ ಜನವರಿಗೆ ಆ ಕೆಲಸ ಖಾಲಿಯಾಗಲಿತ್ತು. ಅದು ನನಗೆ ಸಿಕ್ಕರೆ, ನಮ್ಮನೆಯವರ ಕೆಲಸದ ಜೊತೆಗೇ ಹೋದ ಹೆಲ್ತ್ ಇನ್ಶೂರೆನ್ಸ್ ಮನೆಗೆಲ್ಲ ಮತ್ತೆ ಸಿಗುತ್ತಿತ್ತು. ಮಗಳಿಗೆ ಆಸ್ತಮಾ. ಬ್ಯಾಗಿನಲ್ಲಿ ಪೆನ್ಸಿಲ್ ಇಲ್ಲದಿದ್ದರೂ ಇನ್‌ಹೇಲರ್ ಇರಲೇಬೇಕು. ಅವಳೂ ಒಂಬತ್ತನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಬಯಾಲಜಿ ಕಲಿಯುತ್ತಿದ್ದಳು. ಕ್ಲಾಸಿನಲ್ಲಿ ಬೇರೆ ಮಕ್ಕಳ ಹಾಗೆ ನನ್ನನ್ನು 'ಮಿಸೆಸ್' ಹಚ್ಚಿ ಕರೆಯುತ್ತಿದ್ದಳು, ನನಗೆ ಒಳಗೊಳಗೇ ನಗು ಬರುತ್ತಿತ್ತು. ಎದುರುಮನೆಯ ಹುಡುಗನೂ ಅದೇ ಕ್ಲಾಸು.

ವಿಕಾಸದ ಅಧ್ಯಾಯ ಶುರುವಾದ ದಿನ ನಾನು ಹಲಗೆಯ ಮೇಲೆ ಒಂದು ನರದ ಚಿತ್ರ ಬರೆದೆ. ಮಿದುಳಿನಿಂದ ಗಂಟಲಿಗೆ ಹೋಗುವ ನರ. ಗಂಟಲು ಪಕ್ಕದಲ್ಲೇ ಇದ್ದರೂ ಅದು ಸೀದಾ ಹೋಗುವುದಿಲ್ಲ. ಎದೆಯವರೆಗೂ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಸುತ್ತಿ, ಬಂದ ದಾರಿಯಲ್ಲೇ ಮೇಲೆ ಹತ್ತಿ ಗಂಟಲು ಸೇರುತ್ತದೆ. ಮೀನಿನಲ್ಲಾದರೆ ದಾರಿ ನೇರ. ಮೀನಿಗೆ ಕುತ್ತಿಗೆಯಿಲ್ಲ. ಮುಂದೆ ಬಂದ ಪ್ರಾಣಿಗಳಲ್ಲಿ ಕುತ್ತಿಗೆ ಬೆಳೆಯಿತು, ಹೃದಯ ಕೆಳಗಿಳಿಯಿತು, ಪಾಪದ ನರ ಸಿಕ್ಕಿಹಾಕಿಕೊಂಡು ಉದ್ದವಾಗುತ್ತಾ ಹೋಯಿತು. "ಹೊಸದಾಗಿ ಕೂತು ನಕ್ಷೆ ಹಾಕುವವರು ಯಾರಾದರೂ ಹೀಗೆ ವೈರ್ ಎಳೆಯುತ್ತಾರಾ?" ಅಂತ ಕೇಳಿದೆ.

"ನಮ್ಮಪ್ಪನನ್ನ ಯಾರೂ ಮೀನಿಂದ ಮಾಡಿಲ್ಲ," ಅಂದ ಎದುರುಮನೆಯ ಹುಡುಗ.

ಹಿಂದಿನ ಬೆಂಚಿನವನೊಬ್ಬ ನಕ್ಕ. "ಹೌದೌದು, ನಿಮ್ಮಪ್ಪ ಡಿಫೆಕ್ಟ್ ಪೀಸು. ಅದಕ್ಕೇ ಕಂಪನಿಯವರು ಎತ್ತಿ ಬಿಸಾಕಿದ್ದು."

ಮಾತು ಮುಗಿಯುವ ಮೊದಲೇ ಸ್ಟೂಲು ಹಾರಿತ್ತು. ನಕ್ಕವನ ಭುಜಕ್ಕೆ ತಗುಲಿ ಕಪಾಟಿನ ಗಾಜಿಗೆ ಬಡಿಯಿತು. ಬೀಕರುಗಳು ಪುಡಿಪುಡಿಯಾದವು. ಎದುರುಮನೆಯ ಹುಡುಗ ಬೆಂಚು ಹಾರಿ ಅವನ ಮೇಲೆ ಬಿದ್ದು ಮುಖಕ್ಕೇ ಗುದ್ದತೊಡಗಿದ. ಕೆಳಗಿದ್ದವನ ಮೂಗಿನಿಂದ ಬಂದ ರಕ್ತ ನನ್ನ ಪಾಠದ ಹಾಳೆಗಳಿಗೆಲ್ಲ ಸಿಡಿಯಿತು. ಅಮೆರಿಕದಲ್ಲಿ ಮಕ್ಕಳ ಮೈ ಮುಟ್ಟುವ ಹಾಗಿಲ್ಲ, ಬಾಗಿಲ ಪಕ್ಕದ ಗುಂಡಿ ಒತ್ತಿ ಆಫೀಸಿನವರು ಬರುವವರೆಗೆ ಕಾಯಬೇಕು. ಕಾಯುವಷ್ಟು ವ್ಯವಧಾನ ಯಾರಿಗಿದೆ? ಮೇಲಿದ್ದವನ ಕಾಲರಿಗೆ ಕೈ ಹಾಕಿ ಎಳೆದೆ. ಅಂಗಿ ಪರ್ ಎಂದು ಹರಿದು ಅರ್ಧ ನನ್ನ ಕೈಗೆ ಬಂತು.

ಪ್ರಿನ್ಸಿಪಾಲ್ ಹೆಂಗಸು ನನ್ನನ್ನು ಕರೆದು ಕೂರಿಸಿಕೊಂಡಳು. ಒಳ್ಳೆಯವಳು, ನ್ಯಾಯವಾಗಿ ಮಾತಾಡುವವಳು. "ನಿನ್ನಂಥ ಬಯಾಲಜಿ ಟೀಚರ್ ನನಗೆ ಸಿಗುವುದಿಲ್ಲ. ಜನವರಿಯ ಕೆಲಸ ನಿನಗೇ ಕೊಡಬೇಕು ಅಂತಿದ್ದೇನೆ. ಆದರೆ ಈ ಸ್ಕೂಲಿನ ಆವರಣದಲ್ಲಿ ಇನ್ನೊಂದು ಸಲ ನಿನ್ನ ಕೈ ಯಾರ ಮೇಲಾದರೂ ಹೋದರೆ ನನ್ನಿಂದ ಏನೂ ಮಾಡಲಾಗುವುದಿಲ್ಲ," ಅಂದಳು. ನಾನು ನನ್ನ ಎರಡು ಕೈಗಳನ್ನೂ ನೋಡಿಕೊಂಡು ಆಗಲಿ ಅಂದೆ.

ಅವತ್ತು ಸಂಜೆ ಮಗನ ಹರಿದ ಅಂಗಿ ನೋಡಿದ ಎದುರುಮನೆಯವನು ಬ್ಯಾಟು ಹಿಡಿದು ರಸ್ತೆ ದಾಟಿ ಬಂದ. ಈ ಸಲ ನಮ್ಮ ಮೇಲ್‌ಬಾಕ್ಸಿನ ಸರದಿ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ, ಕೈಯಲ್ಲಿ ಲಟ್ಟಣಿಗೆ ಇತ್ತು. ನಮ್ಮನೆಯವರು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡು "ಹೊಡೀಲಿ ಬಿಡೇ, ತಗಡು ತಾನೆ" ಅಂದರು. ಅದಾದ ಮೇಲೆ ಅವನ ಚರ್ಚಿನವರು ಒಟ್ಟಾಗಿ, ಊರಿನ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡಿನ ಮುಂದೆ ಒಂದು ಬೇಡಿಕೆ ಇಟ್ಟರು. ವಿಕಾಸದ ಪಾಠಕ್ಕೆ ಮೊದಲು ಟೀಚರು ಒಂದು ಪ್ಯಾರಾ ಓದಬೇಕು: ವಿಕಾಸವಾದ ಬರೀ ಒಂದು ಊಹೆ, ಜೀವಿಗಳನ್ನು ಬುದ್ಧಿಯುಳ್ಳ ಯಾರೋ ಯೋಚಿಸಿ ರೂಪಿಸಿದ್ದಾರೆ ಅನ್ನುವ ಇನ್ನೊಂದು ವಾದವೂ ವಿಜ್ಞಾನವೇ, ಅದರ ಹೆಸರು ಇಂಟೆಲಿಜೆಂಟ್ ಡಿಸೈನ್. ಬೋರ್ಡಿನವರು ಮೀಟಿಂಗ್ ಗೊತ್ತುಮಾಡಿ, ಮತ ಹಾಕುವವರೆಗೂ ಆ ಅಧ್ಯಾಯ ಮುಚ್ಚಿಡಿ ಅಂತ ನನಗೆ ಹೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ನಂಬಿಕೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಪ್ಯಾರಾವನ್ನು ನನ್ನ ಬಾಯಿಂದ ಓದಿಸಬೇಕಂತೆ! ಓದಿದರೆ ನಾನು ಕಲಿತದ್ದಕ್ಕೆ ಉಗಿದ ಹಾಗೆ, ಓದದಿದ್ದರೆ ಜನವರಿ ಕೆಲಸ ಇಲ್ಲ, ಮಗಳ ಇನ್‌ಹೇಲರಿಗೆ ದಾರಿಯಿಲ್ಲ.

ಅದೇ ವಾರ ಸ್ಕೂಲಿನ ಪಾರ್ಕಿಂಗಿನಲ್ಲಿ ನನ್ನ ಕಾರಿನ ಮುಂದಿನ ಗಾಜನ್ನು ಯಾರೋ ಒಡೆದರು. ಕಲ್ಲು ಒಳಗೇ ಬಿದ್ದಿತ್ತು. ಡ್ರೈವರ್ ಸೀಟಿನ ಮೇಲೆ ಒಂದು ಬಾಳೆಹಣ್ಣು ಇಟ್ಟಿದ್ದರು, ಕೋತಿಗೆ ಅಂತ. ಸುತ್ತ ನೋಡಿದೆ, ಯಾರೂ ಕಾಣಲಿಲ್ಲ. ಎಲ್ಲಿಂದಲೋ ನೋಡುತ್ತಿರುತ್ತಾರೆ ಅಂತ ನನಗೆ ಗೊತ್ತಿತ್ತು. ಗಾಜಿನ ಚೂರು ಒರೆಸಿ, ಹಣ್ಣನ್ನು ಅಲ್ಲೇ ನಿಂತು ಸುಲಿದು ಪೂರ್ತಿ ತಿಂದೆ. ಸಿಪ್ಪೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಅಷ್ಟರಲ್ಲಿ ದಸರಾ ಬಂತು. ಬೇರೆ ರಾಜ್ಯದ ಓಕ್ ಬ್ರೂಕ್‌ನಿಂದ ಅಕ್ಕ, ಭಾವ ಬಂದರು. ಭಾವ ಹೃದಯದ ಸರ್ಜನ್. ದೊಡ್ಡ ಕೈಗುಣ, ಅದಕ್ಕಿಂತ ದೊಡ್ಡ ಬಾಯಿ. ಅಮ್ಮ ಕೊಟ್ಟ ದಶಾವತಾರದ ಮಣ್ಣಿನ ಗೊಂಬೆಗಳನ್ನು ನಾನು ನಡುವಿನ ಮೆಟ್ಟಿಲ ಮೇಲೆ ಕೂರಿಸಿದ್ದೆ. ಸರಸ್ವತಿ ಪೂಜೆಯ ದಿನ ಊರಿನ ಕನ್ನಡದವರೆಲ್ಲ ನಮ್ಮನೆಯಲ್ಲಿ ಸೇರಿದ್ದರು. ಆರತಿ ಆದ ಮೇಲೆ ಸ್ಕೂಲಿನ ಗಲಾಟೆಯ ಮಾತು ಬಂತು. ಭಾವ ಗೊಂಬೆಗಳ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಇದ್ರಲ್ಲಿ ಜಗಳ ಮಾಡೋಕೆ ಏನಿದೆ? ನೋಡಿ ಇಲ್ಲಿ. ಮೊದಲು ನೀರಿನ ಮೀನು. ಆಮೇಲೆ ನೀರಲ್ಲೂ ನೆಲದಲ್ಲೂ ಇರೋ ಆಮೆ. ಆಮೇಲೆ ನೆಲದ ಹಂದಿ. ಅರ್ಧ ಪ್ರಾಣಿ ಅರ್ಧ ಮನುಷ್ಯ. ಕುಳ್ಳ ಮನುಷ್ಯ. ಕೊಡಲಿ ಹಿಡಿದವನು. ಎವಲ್ಯೂಷನ್ನೇ ಅಲ್ವೇನ್ರೀ? ಮಾಡಿಸಿದವನು ಭಗವಂತ. ಅಂದ್ರೆ ಡಿಸೈನೂ ಹೌದು. ಆ ಚರ್ಚಿನವರಿಗೆ ನಾವು ಸಪೋರ್ಟ್ ಮಾಡ್ಬೇಕು. ಅವರ ಪ್ಯಾರಾ ಒಳಗೆ ಹೋಗ್ಲಿ, ಹಿಂದೇನೇ ನಮ್ಮ ದಶಾವತಾರಾನೂ ಸೇರಿಸಿ ಅಂತ ಕೇಳೋಣ. ನಮ್ಮ ಮಕ್ಕಳೂ ತಲೆ ಎತ್ತಿಕೊಂಡು ಓಡಾಡ್ಲಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರೂ ಇಂಜಿನಿಯರ್, ಡಾಕ್ಟರ್! ನನಗೆ ಪಿತ್ತ ನೆತ್ತಿಗೇರಿತು.

"ಭಾವ, ಆಮೆಯಿಂದ ಹಂದಿ ಹುಟ್ಟಲ್ಲ," ಅಂದೆ. "ಇದು ಅಮ್ಮನ ಗೊಂಬೆ, ಇದಕ್ಕೆ ನಾನು ಆರತಿ ಎತ್ತುತೀನಿ. ಇದನ್ನ ಲ್ಯಾಬಿಗೆ ತಗೊಂಡು ಹೋಗಲ್ಲ. ಅಲ್ಲಾ, ಎದೆ ಕುಯ್ಯೋವಾಗ ಆ ಗಂಟಲಿನ ನರ ಕತ್ತರಿಸಿಹೋಗದ ಹಾಗೆ ಎಷ್ಟು ಒದ್ದಾಡ್ತೀರಿ ಅಂತ ನೀವೇ ಹೇಳಿದೀರಲ್ಲ? ಅದು ಯಾವ ಡಿಸೈನು?"

"ನೀನು ಸುಮ್ನಿರಮ್ಮ. ಹೃದಯ ಕೈಯಲ್ಲಿ ಹಿಡಿದು ನೋಡಿದವನು ನಾನು. ಎಂಥಾ ಡಿಸೈನ್ ಗೊತ್ತಾ!"

"ಅಷ್ಟು ಚೆನ್ನಾಗಿ ಡಿಸೈನ್ ಮಾಡಿದ್ದಿದ್ರೆ ಓಕ್ ಬ್ರೂಕ್‌ನಲ್ಲಿ ನಿಮಗೆ ಅಷ್ಟು ದೊಡ್ಡ ಮನೆ ಎಲ್ಲಿಂದ ಬರ್ತಿತ್ತು?"

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಯಾವತ್ತೂ ಬಾಯಿ ಬಿಡದ ನಮ್ಮನೆಯವರು "ನಾವು ಡಿಸೈನ್ ಮಾಡಿದ ಸೀಟೂ ಡಿಫೆಕ್ಟ್ ಅಂತ ರೀಕಾಲ್ ಆಗಿತ್ತು" ಅಂದರು. ಜನ ನಕ್ಕರು. ಭಾವನಿಗೆ ಮುಖ ಕೆಂಪಾಯಿತು. "ಕೆಲಸ ಕಳ್ಕೊಂಡೋರೆಲ್ಲ ಮಾತಾಡೋ ಹಾಗಾಯ್ತು" ಅಂತ ಗೊಣಗಿದರು. ನನ್ನ ಕೈಯಲ್ಲಿ ಕಡಲೆಕಾಳು ಉಸಲಿಯ ಸ್ಟೀಲ್ ತಟ್ಟೆ ಇತ್ತು. ಅದು ಹೇಗೆ ಗೋಡೆಗೆ ಹೋಗಿ ಬಡಿಯಿತೋ ನನಗೆ ತಿಳಿಯದು. ಭಾವನ ಕಿವಿಯ ಪಕ್ಕದಲ್ಲೇ ಹೋಯಿತಂತೆ. ಕಡಲೆಕಾಳು ಎಷ್ಟೋ ದಿನ ಸೋಫಾದ ಸಂದಿಯಲ್ಲಿ ಸಿಗುತ್ತಿತ್ತು.

ಮೀಟಿಂಗ್ ಸೋಮವಾರ ಸಂಜೆ, ಸ್ಕೂಲಿನ ಸಭಾಂಗಣದಲ್ಲಿ. ಮಾತಾಡುವವರು ಹೆಸರು ಬರೆಸಬೇಕಾದ್ದರಿಂದ ನಾನು ಮೊದಲೇ ಹೋಗಿದ್ದೆ. ಮನೆಯಲ್ಲಿ ನಡೆದದ್ದನ್ನು ಆಮೇಲೆ ಅಕ್ಕ ಹೇಳಿದಳು. ಭಾವ ಮೆಟ್ಟಿಲಿಂದ ದಶಾವತಾರದ ಗೊಂಬೆಗಳನ್ನು ಎತ್ತಿ, ಟವಲ್ಲಿನಲ್ಲಿ ಸುತ್ತಿ, ಪಿಕ್ನಿಕ್ಕಿಗೆ ಐಸ್ ಹಾಕಿ ಒಯ್ಯುವ ಕೂಲರ್ ಪೆಟ್ಟಿಗೆಯಲ್ಲಿ ತುಂಬಿಕೊಂಡರಂತೆ. ಇನ್ನೂ ವಿಜಯದಶಮಿ ಆಗಿಲ್ಲ, ಗೊಂಬೆ ಮಲಗಿಸೋ ಮುಂಚೆ ಮೆಟ್ಟಿಲಿಂದ ಇಳಿಸಬಾರದು ಅಂತ ಅಕ್ಕ ಎಷ್ಟು ಬಡಕೊಂಡರೂ ಕೇಳಲಿಲ್ಲವಂತೆ.

ಸಭಾಂಗಣ ಕಿಕ್ಕಿರಿದಿತ್ತು. ಬಾಗಿಲಲ್ಲಿ ಒಬ್ಬ ಪೊಲೀಸ್. ಬೋರ್ಡಿನವರು ಉದ್ದನೆಯ ಮೇಜಿನ ಹಿಂದೆ. ಪ್ರಿನ್ಸಿಪಾಲ್ ನನಗೆ ಎರಡು ಸಾಲು ಮುಂದೆ ಕೂತಿದ್ದಳು, ಒಮ್ಮೆ ತಿರುಗಿ ನನ್ನ ಕೈಗಳ ಕಡೆ ನೋಡಿದಳು. ನನ್ನ ಒಂದು ಪಕ್ಕದಲ್ಲಿ ಮಗಳು, ಇನ್ನೊಂದು ಪಕ್ಕದಲ್ಲಿ ನಮ್ಮನೆಯವರು, ಹಿಂದಿನ ಸಾಲಿನಲ್ಲಿ ಅಕ್ಕ.

ಮೊದಲು ಎದುರುಮನೆಯವನು ಎದ್ದ. ಕೂಗಾಡುತ್ತಾನೆ ಅಂದುಕೊಂಡಿದ್ದೆ, ಕೂಗಲಿಲ್ಲ. ಮೈಕನ್ನು ಕುತ್ತಿಗೆ ಹಿಸುಕುವ ಹಾಗೆ ಹಿಡಿದುಕೊಂಡಿದ್ದ. "ಕಂಪನಿ ನನ್ನನ್ನು ಗುಜರಿ ಅಂತ ಎಸೆಯಿತು. ಬ್ಯಾಂಕು ದಿನಾ ಫೋನ್ ಮಾಡಿ ಬೈಯುತ್ತದೆ. ಇಲ್ಲಿ ನನ್ನ ಮಗನಿಗೆ, ನಿಮ್ಮಪ್ಪ ಹುಟ್ಟಿದ್ದೇ ಒಂದು ಆಕಸ್ಮಿಕ ಅಂತ ಕಲಿಸುತ್ತೀರಿ. ಯಾರೋ ಒಬ್ಬರು ನನ್ನನ್ನು ಬೇಕು ಅಂತಲೇ ಮಾಡಿದ್ದಾರೆ ಅನ್ನುವ ಮಾತಿಗೆ ಈ ಊರಲ್ಲಿ ಒಂದಾದರೂ ಜಾಗ ಬಿಡಿ," ಅಂದ. ಅವನ ಗಡ್ಡ ನಡುಗುತ್ತಿತ್ತು. ನಮ್ಮ ಮೇಲ್‌ಬಾಕ್ಸ್ ಒಡೆದವನ ಮೇಲೆ ಹೀಗೆ ಮರುಕ ಬಂತಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ಭಾವ. ಸೂಟು, ಟೈ, ಕೈಯಲ್ಲಿ ಕೂಲರ್. ಹೃದಯದ ಸರ್ಜನ್, ಡಿಸೈನನ್ನು ಬೆಂಬಲಿಸಲು ಬಂದಿದ್ದೇನೆ ಅಂದ ತಕ್ಷಣ ಚರ್ಚಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದುರುಮನೆಯವನು ಅವರ ಬೆನ್ನು ತಟ್ಟಿದ. ಭಾವ ಉಬ್ಬಿಹೋದರು. ಕೂಲರ್ ತೆಗೆದು ಮುಂದಿನ ಮೇಜಿನ ಮೇಲೆ ಒಂದೊಂದೇ ಗೊಂಬೆ ಜೋಡಿಸುತ್ತಾ, ಈ ಡಿಸೈನರ್ ಯಾರು ಅಂತ ನಮ್ಮ ಪುರಾಣಗಳು ಯಾವತ್ತೋ ಹೇಳಿವೆ, ಹೆಸರು ವಿಷ್ಣು, ದಯವಿಟ್ಟು ಆ ಪ್ಯಾರಾದಲ್ಲಿ ಈ ಮೀನನ್ನೂ ಸೇರಿಸಿ ಅಂದರು.

ಎದ್ದು ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ಕೂತರು. ಆಮೇಲೆ ಹಿಂದಿನಿಂದ ಒಬ್ಬ "ವಿಗ್ರಹ ಎತ್ತಿಕೊಂಡು ಹೋಗೋ!" ಅಂತ ಕಿರುಚಿದ. ಇನ್ನೊಬ್ಬಳು ಇದು ಸೈತಾನನ ಕೆಲಸ ಅಂತ ಅಳತೊಡಗಿದಳು. ಭಾವ ಇನ್ನೂ ನಗುನಗುತ್ತಾ "ಇದು ನಿಮ್ಮದೇ ವಾದ, ನಮ್ಮ ರೂಪದಲ್ಲಿ" ಅನ್ನುತ್ತಿದ್ದರು. ಎದುರುಮನೆಯವನು ಮೇಜಿನ ಹತ್ತಿರ ಬಂದ. ಅವನ ಕಣ್ಣು ಕೆಂಡವಾಗಿತ್ತು. ತನ್ನ ಜೀವಮಾನದ ನೋವನ್ನು ಹೇಳಿಕೊಂಡಾದ ಮೇಲೆ ಯಾರೋ ಬಂದು ಗೊಂಬೆಯಾಟ ಆಡಿದ ಹಾಗಾಗಿತ್ತು ಅವನಿಗೆ. ಉದ್ದನೆಯ ತೋಳನ್ನು ಬೀಸಿ ಒಂದೇ ಏಟಿಗೆ ಎಲ್ಲವನ್ನೂ ಗುಡಿಸಿಹಾಕಿದ.

ಅಮ್ಮನ ಗೊಂಬೆಗಳು ಸಿಮೆಂಟ್ ನೆಲದ ಮೇಲೆ ಬಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮತ್ಸ್ಯದ ತಲೆ ಉರುಳಿಕೊಂಡು ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಭಾವ ಅವನ ತೋಳು ಹಿಡಿದರು, ಅವನು ಕೊಡವಿದ ರಭಸಕ್ಕೆ ಮೊಣಕೈ ಭಾವನ ಬಾಯಿಗೆ ಬಡಿದು ತುಟಿ ಸೀಳಿತು. ಆಗ ನನ್ನ ಪಕ್ಕದ ಕುರ್ಚಿ ಧಡಾರ್ ಅಂತ ಬಿತ್ತು. ನಮ್ಮನೆಯವರು! ನಾನು ನೋಡನೋಡುತ್ತಿದ್ದ ಹಾಗೇ ಓಡಿಹೋಗಿ ತಮ್ಮ ಗೆಳೆಯನ ಹೊಟ್ಟೆಗೆ ಗುದ್ದಿದರು. ಅವನು ಇವರ ಕಣ್ಣಿಗೆ ಗುದ್ದಿದ. ಇಬ್ಬರೂ ಗೊಂಬೆಯ ಚೂರುಗಳ ಮೇಲೆ ಉರುಳಾಡಿದರು. ಡಿಯರ್‌ಬಾರ್ನಿನಲ್ಲಿ ಕಂಪನಿಗೆ ಹೊಡೆಯಬೇಕಿದ್ದ ಏಟುಗಳನ್ನೆಲ್ಲ ಒಬ್ಬರಿಗೊಬ್ಬರು ಹೊಡೆದುಕೊಂಡರು. ಇಬ್ಬರೂ ಅಳುತ್ತಿದ್ದರು.

"ಅಮ್ಮಾ, ಡೂ ಸಮ್‌ಥಿಂಗ್!" ಅಂದಳು ಮಗಳು. ಅವಳ ಉಸಿರು ಸಿಳ್ಳೆ ಹಾಕುತ್ತಿತ್ತು, ಇನ್‌ಹೇಲರ್ ಬಾಯಿಗಿಟ್ಟುಕೊಂಡಳು. ಪ್ರಿನ್ಸಿಪಾಲ್ ತಿರುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಎರಡು ಕೈಗಳನ್ನೂ ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭಾರ ಹಾಕಿ ಕೂತೆ. ಗಂಡನ ಮುಖದಲ್ಲಿ ರಕ್ತ. ಅಮ್ಮನ ಗೊಂಬೆ ಚೂರುಚೂರು. ನನ್ನ ಉಗುರು ನನ್ನ ತೊಡೆಗೇ ನಾಟಿತ್ತು. ಏಳಲಿಲ್ಲ. ಹಲ್ಲು ಕಚ್ಚಿದ್ದಕ್ಕೆ ದವಡೆ ಮಾರನೆಯ ದಿನವೂ ನೋಯುತ್ತಿತ್ತು.

ಪೊಲೀಸ್ ಬಂದು ಅವರನ್ನು ಬಿಡಿಸಿದ ಮೇಲೆ ಬೋರ್ಡಿನ ಅಧ್ಯಕ್ಷ ನನ್ನ ಹೆಸರು ಕರೆದ. ಚೂರುಗಳನ್ನು ದಾಟಿಕೊಂಡು ಮೈಕಿನ ಹತ್ತಿರ ಹೋದೆ. ಬರೆದುಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಎದುರುಮನೆಯವನ ಕಡೆ ತಿರುಗಿ ನಿಂತೆ.

"ನಿಮ್ಮನ್ನು ಯಾರಾದರೂ ಬೇಕು ಅಂತಲೇ ಮಾಡಿದರಾ ಅನ್ನುವುದು ನನಗೆ ಗೊತ್ತಿಲ್ಲ," ಅಂದೆ. "ನನ್ನ ಬಯಾಲಜಿಗೆ ಅದನ್ನು ಕಂಡುಹಿಡಿಯುವ ಶಕ್ತಿಯಿಲ್ಲ. ಹೌದು ಅನ್ನಲಾರದು, ಇಲ್ಲವೂ ಅನ್ನಲಾರದು. ಆಕಸ್ಮಿಕ, ಆದ್ದರಿಂದ ನೀವು ಬೇಡದವರು ಅಂತ ನಾನು ಯಾವತ್ತೂ ಕಲಿಸಿಲ್ಲ. ಆ ಪ್ರಶ್ನೆಗೆ ನೀವು ಚರ್ಚಿಗೆ ಹೋಗಿ. ನಾನು ಮನೆಯಲ್ಲಿ ಈ ಗೊಂಬೆಗಳ ಮುಂದೆ ಕೂರುತ್ತೇನೆ. ನನ್ನ ಕ್ಲಾಸಿನಲ್ಲಿ, ತಪ್ಪಾಗಿದ್ದರೆ ತಪ್ಪು ಅಂತ ತೋರಿಸಬಹುದಾದ ಮಾತಿಗೆ ಮಾತ್ರ ಜಾಗ. ದೇವರನ್ನು ಅಲ್ಲಿಗೆ ಕರೆದುತಂದರೆ ಆತನಿಗೂ ಪರೀಕ್ಷೆ ಇಡಬೇಕಾಗುತ್ತದೆ, ಫೇಲ್ ಮಾಡುವ ಅಧಿಕಾರವೂ ನನಗೆ ಬರುತ್ತದೆ. ಅದು ನಿಮಗೆ ಬೇಕಾ? ಒಂದು ಮೀನು ಬಂದಿದ್ದಕ್ಕೇ ಇಲ್ಲಿ ಇಷ್ಟು ರಕ್ತ. ನನ್ನ ಕ್ಲಾಸಿನಲ್ಲಿರುವುದು ಮಕ್ಕಳು."

ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೋರ್ಡಿನವರು ಆ ಚೂರುಗಳನ್ನೇ ನೋಡುತ್ತಾ, ಪ್ಯಾರಾ ಬೇಡ ಅಂತ ಕೈ ಎತ್ತಿದರು. ಪ್ಯಾರಾ ಬಿದ್ದುಹೋಯಿತು. ಗೆದ್ದೆ ಅಂತ ಆ ಕ್ಷಣ ನಿಜವಾಗಿಯೂ ಅಂದುಕೊಂಡೆ.

ಹೊರಗೆ ಕಾರಿಡಾರಿನಲ್ಲಿ ಪ್ರಿನ್ಸಿಪಾಲ್ ನನ್ನ ಕೈ ಕುಲುಕಿದಳು. "ನಾಳೆಯಿಂದಲೇ ಅಧ್ಯಾಯ ತೆಗಿ. ಜನವರಿಯ ವಿಚಾರ ನಾಳೆ ಬೆಳಿಗ್ಗೆ ಮಾತಾಡೋಣ," ಅಂದಳು. ನಮ್ಮನೆಯವರು ಪಕ್ಕದಲ್ಲಿ ಊದಿದ ಕಣ್ಣಿಗೆ ಐಸ್ ಒತ್ತಿಕೊಂಡು ನಿಂತಿದ್ದರು. ಅಷ್ಟು ಹೊತ್ತಿಗೆ ಭಾವ ತುಟಿಗೆ ಕರವಸ್ತ್ರ ಹಿಡಿದು ಬಂದರು. ಸೋತದ್ದು ಅವರಿಗೆ ನುಂಗಲಾಗಿರಲಿಲ್ಲ. ಪ್ರಿನ್ಸಿಪಾಲಿನ ಮುಂದೆ ನಿಂತು, ದೊಡ್ಡವರು ಚಿಕ್ಕವರ ಬಗ್ಗೆ ಆಡುವ ಸಲಿಗೆಯಲ್ಲಿ, ಇಂಗ್ಲಿಷಿನಲ್ಲಿ ನಕ್ಕರು.

"ಇವಳ ಮಾತು ಅಷ್ಟೇನೂ ತಲೆಗೆ ಹಚ್ಕೋಬೇಡಿ ಮೇಡಂ. ಇವಳೂ ದಿನಾ ಸಂಜೆ ಈ ಮೀನಿಗೆ ಆರತಿ ಎತ್ತುತ್ತಾಳೆ. ಏನು ಮಾಡ್ತಾಳೆ ಪಾಪ, ಗಂಡ ಕೆಲಸ ಇಲ್ಲದೆ ಮನೇಲಿ ಕೂತಿದಾನೆ. ಸಂಬಳ ಕೊಡ್ತೀವಿ ಅಂದ್ರೆ ನೀವು ಹೇಳಿಕೊಟ್ಟಿದ್ದನ್ನೇ ಹೇಳ್ತಾಳೆ."

ನಮ್ಮನೆಯವರು ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಅಲ್ಲಿಯವರೆಗೆ ಕಟ್ಟಿಹಾಕಿಕೊಂಡಿದ್ದ ಕೈ ಅದು. ಸಂಜೆಯಿಡೀ ಅದರ ಮೇಲೆ ಕೂತಿದ್ದೆ. ಭಾವನ ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕರವಸ್ತ್ರ ಹಾರಿಹೋಯಿತು. ಮೊದಲೇ ಸೀಳಿದ್ದ ತುಟಿಯಿಂದ ಮತ್ತೆ ರಕ್ತ ಇಳಿಯಿತು. ಸ್ವಂತ ಅಕ್ಕನ ಗಂಡ, ಮದುವೆಯಲ್ಲಿ ನನ್ನ ತಲೆಗೆ ಅಕ್ಷತೆ ಹಾಕಿದ ಹಿರಿಯರು. ಪೊಲೀಸ್ ಓಡಿಬಂದು ಕಂಪ್ಲೇಂಟ್ ಕೊಡುತ್ತೀರಾ ಅಂತ ಕೇಳಿದ. ಭಾವ ತಬ್ಬಿಬ್ಬಾಗಿ "ನೋ ನೋ, ಫ್ಯಾಮಿಲಿ ಮ್ಯಾಟರ್" ಅಂದರು.

ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯವರಿಗೆ ಮನೆಯವರು ಹೊಡೆದರೆ ಅದು ಮನೆಯ ವಿಷಯ ಅಂತ. ಹೊರಗಿನವನೊಬ್ಬನನ್ನು ಮುಟ್ಟಬಾರದು ಅಂತ ಸಂಜೆಯಿಡೀ ಎಚ್ಚರ ವಹಿಸಿದ್ದೆನಲ್ಲ. ಪ್ರಿನ್ಸಿಪಾಲಿನ ಮುಖ ಬಿಳಿಚಿಕೊಂಡಿತ್ತು. "ಯಾರು ಅನ್ನುವುದು ಮುಖ್ಯವಲ್ಲ. ನಾನು ನೋಡಿಬಿಟ್ಟೆ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾಳೆ ಬರುವುದು ಬೇಡ, ಜನವರಿಯ ಮಾತೂ ಬೇಡ ಅಂದಳು.

ನಮ್ಮನೆಯವರು ಒಂದೇ ಕಣ್ಣಿನಲ್ಲಿ ಕಾರು ಓಡಿಸುತ್ತಿದ್ದರು. ಭಾವ ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹಿಂದೆ ನನ್ನ ಪಕ್ಕ ಕೂತಿದ್ದ ಅಕ್ಕ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದಳು. "ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತೇನೇ ನಾನು." ನನಗೆ ನಗು ಬಂತು. ನಕ್ಕರೆ ಅಳು ಬರುತ್ತದೆ ಅಂತ ನಗಲಿಲ್ಲ.

ವಿಜಯದಶಮಿಯ ದಿನ ಎದುರುಮನೆಯವನು ಬಂದ. ಕಣ್ಣು ಅವನದೂ ಊದಿತ್ತು. ನಮ್ಮ ಮೇಲ್‌ಬಾಕ್ಸಿನ ಹೊಸ ಕಂಬ ನೆಟ್ಟು, ಆಮೇಲೆ ತನ್ನದನ್ನೂ ನೆಟ್ಟ. ನಮ್ಮನೆಯವರು ಕಾಂಕ್ರೀಟ್ ಕಲಸಿಕೊಟ್ಟರು. ಮಾರನೆಯ ವಾರ ಇಬ್ಬರೂ ಒಂದೇ ಕಾರಿನಲ್ಲಿ ಕೆಲಸ ಹುಡುಕಲು ಹೊರಟರು, ಹಾಳಾದವರು. ಅಕ್ಕ ಸಭಾಂಗಣದಲ್ಲಿ ಆಯ್ದು ಕೂಲರಿಗೆ ಹಾಕಿ ತಂದಿದ್ದ ಚೂರುಗಳನ್ನೆಲ್ಲ ನಾನು ಅಂಟಿಸಿದೆ. ಮತ್ಸ್ಯದ ತಲೆ ಮಾತ್ರ ಕೂಲರಿನಲ್ಲೂ ಇರಲಿಲ್ಲ, ಟವಲ್ಲಿನಲ್ಲೂ ಇರಲಿಲ್ಲ. ಅವತ್ತು ನನ್ನ ಚಪ್ಪಲಿಯ ಹತ್ತಿರ ಇದ್ದದ್ದನ್ನು ನಾನೇ ಎತ್ತಿಕೊಳ್ಳಬೇಕಿತ್ತು, ಕೈಗಳ ಮೇಲೆ ಕೂತಿದ್ದೆನಲ್ಲ.

ಕೆಲಸ ಹೋದದ್ದಕ್ಕೆ ನಾನು ಹೇಗೋ ಸಮಾಧಾನ ಮಾಡಿಕೊಂಡಿದ್ದೆ. ಮಗಳ ಇನ್‌ಹೇಲರಿಗೆ ಅಕ್ಕ ಚೆಕ್ ಕಳಿಸುತ್ತಿದ್ದಳು, ಭಾವನಿಗೆ ಹೇಳದೆ. ಪ್ಯಾರಾ ಅಂತೂ ತರಗತಿಗೆ ಬರಲಿಲ್ಲವಲ್ಲ, ನನ್ನ ಏಟಿಗೆ ನಾನು ಬೆಲೆ ತೆತ್ತೆ, ಪಾಠ ಉಳಿಯಿತಲ್ಲ ಅಂತ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಮಗಳು ಸ್ಕೂಲಿಂದ ಬಂದು ಬ್ಯಾಗ್ ಇಳಿಸಿದಳು. ನಾನು ಚಪಾತಿ ಹಿಟ್ಟು ನಾದುತ್ತಾ, ಹೊಸ ಟೀಚರು ನರದ ಪಾಠ ಮಾಡಿದರಾ, ಮೀನಿನಿಂದ ಶುರು ಮಾಡಿದರಾ ಅಂತ ಕೇಳಿದೆ.

"ಶೀ ಸ್ಕಿಪ್ಡ್ ಇಟ್, ಅಮ್ಮ."

"ಏನನ್ನ ಬಿಟ್ಟರು?"

ಪುಸ್ತಕ ತೆಗೆದು ತೋರಿಸಿದಳು. ಅಧ್ಯಾಯಕ್ಕೆ ಅಧ್ಯಾಯವನ್ನೇ ಬಿಟ್ಟಿದ್ದರು. ಮತ್ತೆ ಗಲಾಟೆ ಬೇಡ, ಯಾರೂ ಹೊಡೆದಾಡುವುದು ಬೇಡ ಅಂತ ಹೇಳಿ, ಆ ಪುಟಗಳನ್ನೆಲ್ಲ ಒಟ್ಟಿಗೆ ತಿರುವಿ ಸೀದಾ ಗಿಡಮರಗಳ ಪಾಠಕ್ಕೆ ಹೋಗಿದ್ದರಂತೆ. ಮಕ್ಕಳು ಯಾರೂ ಏನೂ ಕೇಳಲಿಲ್ಲವಂತೆ. ಎದುರುಮನೆಯ ಹುಡುಗ ಮಾತ್ರ "ಆ ನರ ಯಾಕೆ ಸುತ್ತಿಕೊಂಡು ಬರುತ್ತೆ ಅಂತ ಪೂರ್ತಿ ಹೇಳಲೇ ಇಲ್ಲವಲ್ಲ" ಅಂದನಂತೆ. ಪರೀಕ್ಷೆಗೆ ಬರುವುದಿಲ್ಲ ಬಿಡು ಅಂದರಂತೆ ಟೀಚರು.

ನನ್ನ ಕೈ ಹಿಟ್ಟಿನಲ್ಲೇ ನಿಂತುಹೋಯಿತು. ಅಂಗೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಎದ್ದು ಕೈ ತೊಳೆದುಕೊಂಡು ಮನೆಯೆಲ್ಲ ಸುತ್ತಿದೆ, ಬಾಗಿಲು ತೆಗೆದು ರಸ್ತೆಯವರೆಗೂ ಹೋಗಿ ನಿಂತೆ. ಹೊಸ ಮೇಲ್‌ಬಾಕ್ಸುಗಳೆರಡೂ ಎದುರುಬದುರು ನೆಟ್ಟಗೆ ನಿಂತಿದ್ದವು. ಈ ಸಲ ಹೊಡೆಯಲು ಯಾರೂ ಸಿಗಲಿಲ್ಲ.